ಗುಂಡಿಗೆ ಇಳಿಯುವ ದಾರಿ

ಹೋದ ವಾರ ಅಫಜಲಪುರದ ಸಾಮಿಲ್ಲಿನಲ್ಲಿ ಒಂದು ಜಾಲಿ ದಿಮ್ಮಿ ಕೊಯ್ಯಿಸಲು ನಿಂತಿದ್ದೆ. ಎರಡು ನಿಮಿಷದಲ್ಲಿ ದಿಮ್ಮಿ ಹಲಗೆಯಾಯಿತು. ಹಸಿ ಜಾಲಿಯ ಒಗರು ವಾಸನೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ಒಂದು ಚೂರು ಹೊಟ್ಟು ಹಾರಿಬಂದು ಎಡಗಣ್ಣಿಗೆ ಬಿತ್ತು. ಮನೆಗೆ ಬಂದು ನೀರು ಎರಚಿಕೊಂಡೆ, ಹೆಂಡತಿಯಿಂದ ಊದಿಸಿಕೊಂಡೆ, ಸಂಜೆಯವರೆಗೂ ಎಲ್ಲರ ತಲೆ ತಿಂದೆ. ಒಂದು ಚೂರಿಗೆ ಇಷ್ಟು ರಂಪ. ಭೀಮಶಾ ಕಾಕಾ ನೆನಪಾದದ್ದು ಆಗ. ಆಮೇಲೆ ರಾತ್ರಿಯಿಡೀ ಆ ನೆನಪು ಬಿಡಲಿಲ್ಲ.

ನನ್ನಪ್ಪ ಮತ್ತು ಭೀಮಶಾ ಮಣ್ಣೂರಿನ ಆಚೆ, ಹೊಳೆ ದಂಡೆಯ ಜಾಲಿ ಬನದಲ್ಲಿ ಗುತ್ತಿಗೆದಾರನಿಗೆ ಮರ ಕೊಯ್ದುಕೊಟ್ಟವರು. ಬನ ಎಂದ ಕೂಡಲೇ ನೀವು ಆನೆ, ಜಲಪಾತ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನಮ್ಮ ಕಡೆ ಮೂರು ಮರ ಒಟ್ಟಿಗೆ ನಿಂತರೆ ಅದೇ ಕಾಡು, ನಾಲ್ಕನೆಯದಕ್ಕೆ ಆಡು ಕಟ್ಟಿರುತ್ತಾರೆ. ಆದರೆ ಈ ಬನದಲ್ಲಿ ತಬ್ಬಿದರೆ ಕೈಗೆ ನಿಲುಕದ ಮರಗಳಿದ್ದವು. ಆಳೆತ್ತರದ ಗುಂಡಿ ತೋಡಿ, ಮೇಲೆ ದಿಮ್ಮಿ ಅಡ್ಡ ಇಟ್ಟು, ಉದ್ದ ಗರಗಸದ ಒಂದು ಹಿಡಿಕೆಯನ್ನು ಮೇಲೆ ನಿಂತವನು, ಇನ್ನೊಂದನ್ನು ಗುಂಡಿಯೊಳಗಿನವನು ಹಿಡಿದು ಎಳೆಯಬೇಕು. ಮೇಲಿನವನಿಗೆ ಹೊಳೆಯ ಗಾಳಿ, ಕೆಳಗಿನವನ ಮುಖಕ್ಕೆ ಹೊಟ್ಟು. ಅದಕ್ಕೇ ಊಟದ ಹೊತ್ತಿಗೆ ಪಾಳಿ ಬದಲಾಯಿಸುವುದು ಕೊಯ್ಯುವವರ ಪದ್ಧತಿ. ಬೆಳಿಗ್ಗೆ ಕೆಳಗಿದ್ದವನು ಮಧ್ಯಾಹ್ನ ಮೇಲೆ ಬರುತ್ತಾನೆ.

ಎಪ್ಪತ್ತರ ದಶಕದ ಕೊನೆಗೆ ಬನ ಮುಗಿಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಭೀಮಶಾನ ಎರಡೂ ಕಣ್ಣಿಗೆ ಹೂವು ಬಿದ್ದು, ಕೈ ಹಿಡಿದು ನಡೆಸುವ ಸ್ಥಿತಿ ಬಂತು. ಕುಡಿದು ಕಣ್ಣು ಕಳೆದುಕೊಂಡ ಎಂದಿತು ಊರು. ಹಬ್ಬಕ್ಕೊಮ್ಮೆ ಕುಡಿಯುತ್ತಿದ್ದ, ಸುಳ್ಳಲ್ಲ. ಅವನ ಹೆಂಡತಿ ಕಾಶಿಬಾಯಿ ಕಾಕು, ಹೊಟ್ಟು ಬಿದ್ದು ಹೋದವು ಎಂದು ಜಗಳಕ್ಕೆ ನಿಂತು ಹೇಳುತ್ತಿದ್ದಳು. ಆಗ ಜನ ನನ್ನಪ್ಪನ ಮುಖ ನೋಡುತ್ತಿದ್ದರು.

"ನಾವಿಬ್ರೂ ಪಾಳಿ ಮ್ಯಾಲ ಇಳೀತಿದ್ದಿವಿ. ಹೊಟ್ಟಿನಿಂದ ಹೋಗೂದಿದ್ರ ನನ್ನ ಕಣ್ಣೂ ಹೋಗಬೇಕಿತ್ತಲ್ಲ?" ಎನ್ನುತ್ತಿದ್ದ ಅಪ್ಪ, ಕಟ್ಟೆಯ ಮೇಲೆ ಕುಳಿತು, ಬೀಡಿ ಹಚ್ಚುತ್ತ. ಅಲ್ಲಿಗೆ ತೀರ್ಪಾಗುತ್ತಿತ್ತು. ಕಾಕುವಿನ ಸ್ವಂತ ಅಣ್ಣತಮ್ಮಂದಿರೇ ಕುಡುಕನ ಮನೆ ಎಂದು ಅವಳ ಬಾಗಿಲು ತುಳಿಯುವುದನ್ನು ಬಿಟ್ಟರು. ಅಪ್ಪ ನಿಜ ಹೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಅಪ್ಪ ಹೇಳುತ್ತಿರುವುದೇ ನಿಜವೆಂದು ನಾನೂ ನಂಬಿದ್ದೆ.

ನಾನಾಗ ಊರಿನ ಶಾಲೆಯ ಮಾಸ್ತರ. ತೊಂಬತ್ತರ ಆಸುಪಾಸಿನಲ್ಲಿ ನನಗೊಂದು ಹುಚ್ಚು ಹಿಡಿದಿತ್ತು. ಹಳೆಯ ಸಾಮಾನುಗಳನ್ನು ತಂದು ಶಾಲೆಯ ಗಾಜಿನ ಕಪಾಟಿನಲ್ಲಿ ಜೋಡಿಸುವುದು, ಕೆಳಗೆ ದುಂಡಗಿನ ಅಕ್ಷರದಲ್ಲಿ ಚೀಟಿ ಅಂಟಿಸುವುದು. ಆ ಅಕ್ಷರದ ಮೇಲೆ ಎಷ್ಟು ಜಂಭವೆಂದರೆ ಸಾಮಾನು ಸಿಗುವ ಮೊದಲೇ ಚೀಟಿ ಬರೆದಿಡುತ್ತಿದ್ದೆ. ಮರ ಕೊಯ್ದ ಕಾಲದ ಗುರುತು ಏನಾದರೂ ಸಿಕ್ಕೀತೆಂದು ಒಂದು ಭಾನುವಾರ ಅಪ್ಪನನ್ನೂ ಭೀಮಶಾನನ್ನೂ ಹೊರಡಿಸಿಕೊಂಡು ಹೋದೆ. ಅಪ್ಪನಿಗೆ ಮನಸ್ಸಿರಲಿಲ್ಲ. ಭೀಮಶಾ ಮಾತ್ರ ಬೆಳಿಗ್ಗೆಯೇ ರುಮಾಲು ಸುತ್ತಿಕೊಂಡು ಕಾಯುತ್ತಿದ್ದ.

ಬನದ ತುಂಬ ಬಳ್ಳಾರಿ ಜಾಲಿ ಎದ್ದಿತ್ತು. ಅಂಗಿ ಹರಿದುಕೊಂಡು ತಿರುಗಿದೆವು. ಹಳೆಯ ಬೊಡ್ಡೆಗಳ ನಡುವೆ ತುಕ್ಕು ಹಿಡಿದ ಕಬ್ಬಿಣದ ಬೆಣೆಯೊಂದು ಸಿಕ್ಕಿ ನಾನು ಕುಣಿದಾಡಿದೆ. ಅದರ ಪಕ್ಕದಲ್ಲೇ ಗುಂಡಿ, ಅರ್ಧ ಹೂತು, ಮೇಲೆ ಮುಳ್ಳು ಹಬ್ಬಿತ್ತು. ಒಳಗೆ ಇನ್ನೇನಾದರೂ ಇದ್ದೀತೆಂದು ಅಪ್ಪ ಅಂಚಿನ ಮೇಲೆ ಒಂದು ಸುತ್ತು ಹಾಕಿದ, ಇನ್ನೊಂದು ಸುತ್ತು ಹಾಕಿದ.

"ಲೇ ಭೀಮಶಾ, ಇದಕ್ಕ ಇಳಿಯೂ ದಾರಿ ಎಲ್ಲದನೋ?" ಎಂದ.

ಭೀಮಶಾ ನನ್ನ ಕೈ ಬಿಟ್ಟ. ಪಾದದಿಂದ ನೆಲ ಸವರುತ್ತ ಹೊಳೆಯ ಕಡೆಗಿನ ಬೊಡ್ಡೆಯ ಹಿಂದೆ ಹೋದ, ಬೇರು ಹಿಡಿದ, ಎಲ್ಲೂ ತಡವರಿಸದೆ ಸರಸರ ಇಳಿದುಬಿಟ್ಟ.

"ಇಲ್ಲಿ ಅದ ಅಣ್ಣಾ. ಮೂರು ಮೆಟ್ಟಲ ಅವ. ಎಡಗಾಲ ಮೊದಲ ಇಡು."

ಅಪ್ಪ ಇಳಿಯಲಿಲ್ಲ. ಭೀಮಶಾ ಬೆಳ್ಳನೆಯ ಕಣ್ಣುಗಳನ್ನು ನನ್ನ ಉಸಿರಿನ ದಿಕ್ಕಿಗೆ ಎತ್ತಿ, "ಮಾಸ್ತರ, ನೋಡಿದಿ ಹೌದಿಲ್ಲ?" ಎಂದ.

"ನೋಡಿದೆ ಕಾಕಾ."

"ಬಿಸಲ ಏರಾಕತ್ತದ, ನಡೀರಿ," ಎಂದು ಅಪ್ಪ ಮುಂದೆ ಹೊರಟ.

ಪಾಳಿ ಮೇಲೆ ಇಳಿಯುತ್ತಿದ್ದೆನೆಂದವನಿಗೆ ಇಳಿಯುವ ದಾರಿಯೇ ಗೊತ್ತಿರಲಿಲ್ಲವೆಂದು ನಾನು ಯಾರಿಗೂ ಹೇಳಲಿಲ್ಲ. ಅಪ್ಪನ ಮರ್ಯಾದೆ ಎಂದುಕೊಂಡೆ, ಮುಂದೆ ಹೇಳಿದರಾಯಿತು ಎಂದುಕೊಂಡೆ. ನಿಜವಾಗಿ ಅದು ಹೇಡಿತನ, ಬೇರೆ ಹೆಸರು ಬೇಡ. ಬೆಣೆಯನ್ನು ಕಪಾಟಿನಲ್ಲಿಟ್ಟೆ. ಮೊದಲೇ ಬರೆದಿಟ್ಟಿದ್ದ ಚೀಟಿ ಅಂಟಿಸಿದೆ: "ಇಬ್ಬರು ಪಾಳಿಯ ಮೇಲೆ ಗುಂಡಿಗೆ ಇಳಿದು ಮರ ಕೊಯ್ಯುತ್ತಿದ್ದರು." ಅಷ್ಟು ಅಂದದ ಚೀಟಿಯನ್ನು ಹರಿಯಲು ಮನಸ್ಸಾಗಲಿಲ್ಲ. ಎರಡು ವರ್ಷಕ್ಕೆ ಭೀಮಶಾ ಹೋದ, ಆಮೇಲೆ ಅಪ್ಪನೂ ಹೋದ.

ಕಣ್ಣಿಗೆ ಹೊಟ್ಟು ಬಿದ್ದ ಮರುದಿನ ಕಾಶಿಬಾಯಿ ಕಾಕುವಿನ ಮನೆಗೆ ಹೋದೆ. ಮುದುಕಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಮೊದಲೆಲ್ಲ ನನ್ನನ್ನು ನೀನು ಎನ್ನುತ್ತಿದ್ದವಳು.

"ನಂಗ ಗೊತ್ತದರಿ," ಎಂದಳು. "ಅವತ್ತು ಬನದಿಂದ ಬಂದು ಅವ್ರು ಖುಷಿಲೆ ಎರಡು ರೊಟ್ಟಿ ಜಾಸ್ತಿ ಉಂಡ್ರು. ಮಾಸ್ತರ ನೋಡ್ಯಾನ, ಇನ್ನ ಅಂವ ಹೇಳತಾನ ಅಂದ್ರು. ಬಾಗಲಾ ಸಪ್ಪಳಾದ್ರ ಸಾಕು, ಮಾಸ್ತರ ಬಂದ್ನೇನು ಅಂತ ಕೇಳತಿದ್ರು."

ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು.

"ಆಮ್ಯಾಗ ನಮ್ಮ ಮೊಮ್ಮಗ ಸಾಲಿಯಿಂದ ಬಂದು, ಕಪಾಟದಾಗ ಹಿಂಗ ಬರದಾರ ಅಂತ ಓದಿದ್ದು ಹೇಳಿದ. ಯಾರ ಬರದಾರ ಅಂದ್ರು ಅವ್ರು. ಮಾಸ್ತರ್ರೇ ಬರದಾರ ಅಂತಂದ ಹುಡುಗ. ಅವತ್ತಿನಿಂದ ಬಾಗಲಾ ಸಪ್ಪಳಾದ್ರೂ ಅವ್ರು ಕೇಳಲಿಲ್ರಿ."

ಕುಡಿಯಲು ನೀರು ಕೊಟ್ಟಳು. ಕೂತುಕೊಳ್ಳಿ ಎನ್ನಲಿಲ್ಲ.

ಕಣ್ಣಿನ ಚೂರು ಮೂರನೆಯ ದಿನಕ್ಕೆ ತಾನಾಗಿ ಹೋಯಿತು. ನಾನು ಶಾಲೆಗೆ ಹೋಗಿ, ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಹೊಸದು ಅಂಟಿಸಿದೆ: "ಗುಂಡಿಗೆ ಇಳಿದವನು ಭೀಮಶಾ ಒಬ್ಬನೇ. ನನ್ನಪ್ಪ ಒಂದು ದಿನವೂ ಇಳಿಯಲಿಲ್ಲ." ಈಗಿನ ಹೆಡ್‌ಮಾಸ್ತರ ಚಿಕ್ಕ ವಯಸ್ಸಿನವರು, ಬೇರೆ ಊರಿನವರು. ಭೀಮಶಾ ಯಾರೆಂದು ಅವರಿಗೆ ಗೊತ್ತಿಲ್ಲ. ಬಗ್ಗಿ ಓದಿದರು.

"ಈ ವಯಸ್ಸಿನ್ಯಾಗೂ ಅಕ್ಷರ ಭಾಳ ಛಲೋ ಅವ ನೋಡ್ರಿ ಸರ್," ಎಂದರು.