ಗಣ್ಯರ ಮನಸ್ಸು

ವಾರಪತ್ರಿಕೆಯ ‘ಮನಬಿಚ್ಚಿ’ ಅಂಕಣಕ್ಕಾಗಿ ಊರಿನ ಗಣ್ಯರಿಂದ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ತರಿಸುವುದು ಈ ಉಪಸಂಪಾದಕರ ಕೆಲಸ. ಗಣ್ಯರಿಗೆ ಪುರುಸೊತ್ತೆಲ್ಲಿ? ಇಷ್ಟದ ಬಣ್ಣ ಯಾವುದೆಂದು ಕೇಳಿದರೆ “ಏನೋ ಒಂದು ಹಾಕ್ಕೊಳ್ರೀ” ಎಂದು ಫೋನಿಡುತ್ತಾರೆ. ಇವರು ಕನ್ನಡಕವನ್ನು ಹಣೆಗೇರಿಸಿ, ಪೆನ್ಸಿಲ್ ಕಚ್ಚಿ, “ಪಾಪ, ಅವರಿಗೂ ಒಂದು ಮನಸ್ಸು ಅಂತ ಬೇಡ್ವೇ?” ಎಂದು ಇಪ್ಪತ್ತನ್ನೂ ತಾವೇ ತುಂಬುತ್ತಾರೆ. ಹೀಗಾಗಿ ಇಪ್ಪತ್ತೆಂಟು ವರ್ಷಗಳಿಂದ ಊರಿನ ಗಣ್ಯರೆಲ್ಲರಿಗೂ ಬೂದು ಬಣ್ಣವೇ ಅಚ್ಚುಮೆಚ್ಚು. ಸುಳ್ಳು ಹೇಳುವವರನ್ನು ಕಂಡರೆ ಎಲ್ಲರಿಗೂ ಮೈ ಉರಿಯುತ್ತದೆ. ಕುಸ್ತಿಪಟು ಹಳೆಯ ಪುಸ್ತಕದ ವಾಸನೆಗೆ ಕರಗಿಹೋಗುತ್ತಾನೆ. ಸಿಮೆಂಟ್ ವ್ಯಾಪಾರಿಗೆ ಚಿಕ್ಕಂದಿನಲ್ಲಿ ಅಮ್ಮನ ಹೊಲಿಗೆಯಂತ್ರದ ಸದ್ದು ಕೇಳದೆ ನಿದ್ದೆಯೇ ಬರುತ್ತಿರಲಿಲ್ಲವಂತೆ. ಅಚ್ಚಾದದ್ದನ್ನು ಓದಿ ಆತ ಪತ್ರಿಕೆ ಹಿಡಿದು ಓಡಿಬಂದು, “ನನ್ನ ಮನಸ್ಸಲ್ಲಿದ್ದದ್ದು ನಿಮಗೆ ಹೇಗ್ರೀ ಗೊತ್ತಾಯ್ತು?” ಎಂದಾಗ ಇವರು ನಾಚಿ, “ಎಲ್ಲಾ ನಿಮ್ದೇ ಸಾರ್” ಎಂದಿದ್ದರು. ನಿವೃತ್ತಿಯ ವಾರ ಸಂಪಾದಕರು ಅದೇ ಇಪ್ಪತ್ತು ಪ್ರಶ್ನೆಗಳನ್ನು ಪ್ರೀತಿಯಿಂದ ಇವರ ಕೈಗೇ ಕೊಟ್ಟರು. ಇವರು ರಜೆ ಹಾಕಿ, ಮೂರು ದಿನ ಕೂತು, ಒಂದಕ್ಷರವೂ ಸುಳ್ಳಿಲ್ಲದಂತೆ ಬರೆದು ತಂದರು. ಸಂಪಾದಕರು ಕಣ್ಣಾಡಿಸಿ ನಕ್ಕುಬಿಟ್ಟರು: “ಇದೇನ್ರೀ, ಹೊಲಿಗೆಯಂತ್ರ ಆ ಸಿಮೆಂಟಿನವರದ್ದಲ್ವಾ? ನಿಮ್ದು ಅಂತ ಏನೂ ಇಲ್ವೇನ್ರೀ?” “ಹೌದಲ್ಲ, ತಪ್ಪಾಯ್ತು ಸಾರ್” ಎಂದು ಇವರು ಪೆನ್ಸಿಲ್ ಕಚ್ಚಿ, ಒಂದು ಗಳಿಗೆ ಯೋಚಿಸಿ, ಅಮ್ಮನ ಸಾಲನ್ನು ಹೊಡೆದುಹಾಕಿ, ತಾವು ಎಂದೂ ಕಂಡಿರದ ಸಮುದ್ರದ ಅಲೆಗಳ ಸದ್ದನ್ನು ಅಲ್ಲಿ ಬರೆದುಕೊಟ್ಟರು.