ಪ್ಲಾನಿನಲ್ಲಿ ಇಲ್ಲದ ಜಗಲಿ

ಕಳೆದ ಭಾನುವಾರ ನಾನು ಗೋಡೆಯೇ ಇಲ್ಲದ ಕಟ್ಟಡವೊಂದಕ್ಕೆ ಬಾಗಿಲಿನಿಂದಲೇ ಒಳಗೆ ಹೋದೆ. ಅದೂ ಚಪ್ಪಲಿ ಹೊರಗೆ ಬಿಟ್ಟು!

ನಾನೊಬ್ಬಳೇ ಅಲ್ಲ. ದಾಂಡೇಲಿಯ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಜನರೆಲ್ಲ ಹಾಗೆಯೇ ಹೋದರು. ನೆಲದ ಮೇಲೆ ಸುಣ್ಣದ ಗೆರೆ. ಗೆರೆಯ ನಡುವೆ ಒಂದು ಕಡೆ ಖಾಲಿ ಬಿಟ್ಟ ಜಾಗ. ಅದು ಬಾಗಿಲು. ಗೆರೆಯನ್ನು ಎಲ್ಲಿ ಬೇಕಾದರೂ ದಾಟಬಹುದಿತ್ತು. ಒಂದು ಮೇಕೆ ದಾಟಿಯೂ ದಾಟಿತು. ಮನುಷ್ಯರು ಮಾತ್ರ ಸುತ್ತು ಹಾಕಿ ಬಾಗಿಲಿಗೇ ಬಂದರು. ಒಳಗೆ ಹೋದ ಮೇಲೆ ಯಾರೂ ಹೇಳದೆಯೇ ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ ಸರಿದರು. ಒಬ್ಬ ಅಜ್ಜಿಯಂತೂ ಬಾಗಿಲಲ್ಲಿ ನಿಂತು, ತೀರ್ಥದ ಬಟ್ಟಲು ಇರಬೇಕಾದ ಗಾಳಿಯಲ್ಲಿ ಬೆರಳದ್ದಿ ಶಿಲುಬೆ ಗುರುತು ಮಾಡಿಕೊಂಡಳು.

ಇದೆಲ್ಲ ಆರ್ಕಿಟೆಕ್ಟ್ ಕುಲಕರ್ಣಿಯವರ ಕೆಲಸ. ಬೆಳಗಾವಿಯವರು. ವಯಸ್ಸು ಕಡಿಮೆ, ಮಾತೂ ಕಡಿಮೆ. (ಈ ಎರಡನೆಯ ಗುಣದಿಂದಾಗಿ ನನಗೆ ಅವರ ಮೇಲೆ ಮೊದಲ ದಿನವೇ ಗೌರವ ಬಂತು.) ಅವರಿಗೊಂದು ಪದ್ಧತಿಯಿದೆ. ಪ್ಲಾನ್ ಪಕ್ಕಾ ಮಾಡುವ ಮೊದಲು ಅದನ್ನು ನೆಲದ ಮೇಲೆ ಪೂರ್ತಿ ಅಳತೆಯಲ್ಲಿ ಸುಣ್ಣದಿಂದ ಬರೆಸುತ್ತಾರೆ. ಆಮೇಲೆ ಅಲ್ಲಿ ಇರಬೇಕಾದವರನ್ನು ಕರೆದು ಓಡಾಡಲು ಹೇಳುತ್ತಾರೆ.

“ಕಾಗದದ ಮ್ಯಾಲ ಎಲ್ಲಾರೂ ಹೂಂ ಅಂತಾರ್ರೀ. ಕಾಲು ಹಂಗ ಅನ್ನೂದಿಲ್ಲ” ಎಂದರು.

ಹೂಂ ಎಂದವರಲ್ಲಿ ನಾನೂ ಒಬ್ಬಳು. ಕಟ್ಟಡ ಕಮಿಟಿಯಲ್ಲಿ ನನ್ನನ್ನು ಸೇರಿಸಿಕೊಂಡದ್ದೇ ಪ್ಲಾನ್ ಓದಲು ಬರುತ್ತದೆಂದು. ನಾನು ಧಾರವಾಡದಲ್ಲಿ ಗಣಿತ ಓದಿದವಳು. ಇಲ್ಲಿ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸುತ್ತೇನೆ. ತ್ರಿಕೋನ ಗೊತ್ತಿದ್ದವಳಿಗೆ ಇಗರ್ಜಿ ಗೊತ್ತಾಗದೇ ಇರುತ್ತದೆಯೇ, ಎಂಬುದು ಫಾದರ್ ಅವರ ವಾದ. ಕಮಿಟಿಯಲ್ಲಿ ನಾನೊಬ್ಬಳೇ ಹೆಣ್ಣು. ಮಾತಾಡುವ ಕೆಲಸವನ್ನು ಉಳಿದವರು ಬಿಡುವಿಲ್ಲದೆ ಮಾಡುತ್ತಿದ್ದರಿಂದ ನನಗೆ ತೊಂದರೆಯಾಗಲಿಲ್ಲ.

ಈಗಿನ ಇಗರ್ಜಿ ಅಂದರೆ ಒಂದು ಶೆಡ್ಡು. ಹಿಂದೆ ಸಾಗುವಾನಿ ದಿಮ್ಮಿ ಇಡುತ್ತಿದ್ದರಂತೆ. ತಗಡಿನ ಮಾಡು. ಮಳೆಗಾಲದಲ್ಲಿ ಫಾದರ್ ಅವರ ಪ್ರವಚನ ಒಂದಕ್ಷರವೂ ಕೇಳಿಸುವುದಿಲ್ಲ. (ಈ ಬಗ್ಗೆ ದೂರು ಕೊಟ್ಟವರನ್ನು ನಾನು ಕಂಡಿಲ್ಲ.) ಮುಂದೆ ಒಂದು ಇಕ್ಕಟ್ಟಾದ ಜಗಲಿ. ಪೇಪರ್ ಮಿಲ್ಲು ಬೆಳೆದಂತೆ ಜನ ಬೆಳೆದರು. ಗೋವೆಯ ಕಡೆಯವರು, ಹಳಿಯಾಳದವರು, ಸೂಪಾ ಕಾಡಿನ ಕಡೆಯಿಂದ ನಡೆದು ಬರುವವರು. ಶೆಡ್ಡು ಸಾಲದಾಯಿತು.

ಹೊಸ ಪ್ಲಾನ್ ನಿಜಕ್ಕೂ ಚೆನ್ನಾಗಿತ್ತು. ಕೆಂಪು ಕಲ್ಲಿನ ಗೋಡೆ, ಎತ್ತರದ ಕಿಟಕಿ, ಬೆಳಗಿನ ಬೆಳಕು ನೇರವಾಗಿ ಪೀಠದ ಮೇಲೆ ಬೀಳುವ ಏರ್ಪಾಡು. ಮುಂದೆ ಜಗಲಿಯ ಬದಲು ನಾಲ್ಕಾರು ಮೆಟ್ಟಿಲು. ಮೆಟ್ಟಿಲ ಮೇಲೆ ಗಂಟೆಯ ಗೋಪುರ. ಗೋಪುರ ಪಾಸ್ಕೋಲ್ ಮಾಮನ ಆಸೆ. ಪಾಸ್ಕೋಲ್ ಮಾಮ ಅಂದರೆ ಕಮಿಟಿಯ ಹಿರಿಯರು, ನಾನು ಫ್ರಾಕ್ ಹಾಕುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವರು. “ಮಿಲ್ ಗೇಟಿನ್ಯಾಗ ನಿಂತ್ರ ನಮ್ಮ ಗೋಪುರ ಕಾಣಬೇಕ್ ನೋಡ್. ನಮ್ಮದೂ ಒಂದ್ ಊರು ಅಂತ ಅನಿಸಬೇಕ್” ಎಂದು ಅವರು ಹೇಳುವಾಗ ಕಣ್ಣು ಒದ್ದೆಯಾಗುತ್ತದೆ. ಕೆಲಸ ಹುಡುಕಿಕೊಂಡು ಬಂದು, ಬಾಡಿಗೆ ಕೋಣೆಯಲ್ಲಿ ಬದುಕು ಕಳೆದವರ ಆಸೆ ಅದು. ನಗುವಂಥದ್ದಲ್ಲ.

ಸರಿ. ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ಗೆರೆಯೊಳಗೆ ಬಂದೆವು ಎಂದೆನಲ್ಲ? ಎಲ್ಲರೂ ಬರಲಿಲ್ಲ.

ಇಸಬೆಲಾಬಾಯಿ ಹೊರಗೇ ಉಳಿದಳು. ಗೆರೆಯ ಹತ್ತಿರ ಬಂದಳು, ನಿಂತಳು. ಮೆಟ್ಟಿಲೆಂದು ಗುರುತು ಮಾಡಿದ ಕಡೆ ನೋಡಿದಳು, ಆ ಬದಿ ನೋಡಿದಳು, ಈ ಬದಿಗೂ ಒಂದು ಸುತ್ತು ಹೋಗಿ ಬಂದಳು. ಕಳೆದುಹೋದ ಕೋಳಿ ಹುಡುಕುವವರ ಹಾಗೆ. ಕೊನೆಗೆ ಬಾಗಿಲಿನಿಂದ ಒಂದಿಷ್ಟು ಆಚೆ, ಬಿಸಿಲಲ್ಲಿ, ಹುಲ್ಲಿನ ಮೇಲೆ ಸೆರಗು ಹೊದ್ದು ಕುಳಿತಳು.

“ಅಕ್ಕೋರ, ಆ ಬಾಯಿ ಯಾಕ ಅಲ್ಲಿ ಕುಂತಾರ?” ಕುಲಕರ್ಣಿ ನನ್ನ ಪಕ್ಕದಲ್ಲೇ ಇದ್ದರು.

“ಅದು ಅವರ ಜಾಗ.”

“ಅಲ್ಲಿ ಏನೂ ಇಲ್ಲಲ್ರೀ.”

“ಅದಕ್ಕೇ” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಹೇಳಬೇಕಾಯಿತು. ಇಸಬೆಲಾಬಾಯಿ ಮಿಲ್ಲಿನ ಫಕೀರಪ್ಪ ಎಂಬವರನ್ನು ಮದುವೆಯಾದವಳು. ಫಕೀರಪ್ಪ ಧಾರವಾಡದ ಕಡೆಯವರು, ಹಿಂದೂ. ಇಗರ್ಜಿಯ ಆಶೀರ್ವಾದವಿಲ್ಲದ ಮದುವೆ. ಅಂದಿನಿಂದ ಅವಳು ಭಾನುವಾರ ತಪ್ಪಿಸಿದ್ದಿಲ್ಲ, ಒಳಗೆ ಬಂದದ್ದೂ ಇಲ್ಲ. ಶೆಡ್ಡಿನ ಜಗಲಿಯ ಕೊನೆಯಲ್ಲಿ, ಕಂಬಕ್ಕೆ ಒರಗಿ ಕೂರುತ್ತಾಳೆ. ಅಲ್ಲಿಂದಲೇ ಪ್ರಾರ್ಥನೆ. (ಪೂಜೆ ಲ್ಯಾಟಿನ್ನಿನಲ್ಲಿ. ಒಳಗೆ ಕೂತವರಿಗೂ ಅಷ್ಟೇ ತಿಳಿಯುತ್ತದೆ.) ಹೊರಗೆ ಕೂರು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಒಳಗೆ ಬಾ ಎಂದೂ ಯಾರೂ ಹೇಳಲಿಲ್ಲ. ಊರಲ್ಲಿ ಇಂಥ ವಿಷಯಗಳು ಹೀಗೆಯೇ ತೀರ್ಮಾನವಾಗುತ್ತವೆ, ಅಲ್ಲವೇ?

ಕುಲಕರ್ಣಿ ನೆಲ ನೋಡಿದರು. “ಮೊದಲಿನ ಪ್ಲಾನಿನ್ಯಾಗ ಜಗಲಿ ಇತ್ರಿ. ಫಾದರ್ ತಗೀ ಅಂದ್ರು.”

ಇದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಫಾದರ್ ಅವರೇ ಇಸಬೆಲಾಳ ಮುಂದೆ ಹೋಗಿ ನಿಂತಿದ್ದರು. ನಮ್ಮ ಫಾದರ್ ವಯಸ್ಸಾದವರು, ಮೆತ್ತಗಿನವರು. ಬೈಯಲು ಹೋಗಿ ತಾವೇ ಕ್ಷಮೆ ಕೇಳಿ ಬರುವ ಜಾತಿ. ಅವರ ಮುಖದಲ್ಲಿ ಸಂತೋಷವಿತ್ತು, ತಿಂಗಳುಗಟ್ಟಲೆ ಬಚ್ಚಿಟ್ಟ ಉಡುಗೊರೆಯನ್ನು ಕೊಡಲು ಬಂದವರ ಹಾಗೆ.

“ಏಳವ್ವ ಇಸಬೆಲಾ. ಇನ್ನ ಮ್ಯಾಲ ಜಗಲಿ ಇಲ್ಲ. ನೀ ಹೊರಗ ಕುಂದ್ರೂದು ಬ್ಯಾಡ ಅಂತನ ನಾ ತಗಸೇನಿ. ಒಳಗ ಬಾ.”

ಫಾದರ್ ಎಷ್ಟು ದಿನದಿಂದ ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ. ಕರೆಯಲು ಸಂಕೋಚ. ಹಾಗಾಗಿ ಕಟ್ಟಡವೇ ಕರೆಯಲಿ ಎಂದು ಜಗಲಿಯನ್ನೇ ಅಳಿಸಿಬಿಟ್ಟಿದ್ದರು. ಇಂಥ ಯೋಚನೆ ಅವರಿಗಲ್ಲದೆ ಬೇರೆ ಯಾರಿಗೆ ಬರುತ್ತದೆ?

ಇಸಬೆಲಾ ಏಳಲಿಲ್ಲ. “ನಾ ಹೊರಗ ಕುಂತಿಲ್ರಿ ಫಾದರ್.”

“ಮತ್ತ?”

“ಅವರು ಕಾಣೂ ಹಂಗ ಕುಂತೇನ್ರಿ.”

ಅವಳು ಬೆರಳು ಮಾಡಿದ ಕಡೆ ಎಲ್ಲರೂ ತಿರುಗಿದೆವು. ಮತ್ತಿ ಮರದ ಬುಡದಲ್ಲಿ ಸೈಕಲ್. ಸೈಕಲ್ಲಿಗೆ ಒರಗಿ ಫಕೀರಪ್ಪ, ಹೆಗಲ ಮೇಲೆ ಟವೆಲ್. ರಾತ್ರಿ ಪಾಳಿ ಮುಗಿಸಿ, ಮನೆಗೆ ಹೋಗಿ ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬರುತ್ತಾರೆ. ಪೂಜೆ ಮುಗಿಯುವ ತನಕ ಮರದ ಕೆಳಗೆ ಕಾಯುತ್ತಾರೆ. ಪ್ರತಿ ಭಾನುವಾರ. ಆ ಮರ ಎಲ್ಲರಿಗೂ ಗೊತ್ತು. ಅದರ ಕೆಳಗಿನ ಮನುಷ್ಯನನ್ನು ನಾವು ಮರದ ಜೊತೆಗೇ ಸೇರಿಸಿಬಿಟ್ಟಿದ್ದೆವು.

“ಇಡೀ ರಾತ್ರಿ ನಿದ್ದಿ ಇರೂದಿಲ್ರಿ ಅವರಿಗೆ. ನಾ ಕಣ್ಣಾಗ ಕಣ್ಣಿಟ್ಟು ನೋಡಿಕೋತ ಇರ್ತೇನಿ. ಇಲ್ಲಾಂದ್ರ ಸೈಕಲ್ ಸಮೇತ ಉಳ್ಳಿ ಬೀಳ್ತಾರ. ಎರಡ ಸಲ ಬಿದ್ದಾರ!”

ಯಾರೋ ನಕ್ಕರು. ಅವಳೂ ನಕ್ಕಳು. ಆಮೇಲೆ ತಗ್ಗಿದ ದನಿಯಲ್ಲಿ, “ಒಳಗ ಹೋದ್ರ ದೇವರು ಕಾಣ್ತಾನ್ರಿ ಫಾದರ್, ಅವರು ಕಾಣೂದಿಲ್ಲ. ಮರದ ಕೆಳಗ ನಿಂತ್ರ ಅವರು ಕಾಣ್ತಾರ, ದೇವರು ಕಾಣೂದಿಲ್ಲ. ಜಗಲಿ ಮ್ಯಾಲ ಇಬ್ರೂ ಕಾಣ್ತಾರ. ಅದನ್ನ ತಗದ್ರ ನಾ ಒಳಗ ಬರೂದಿಲ್ರಿ. ಬರೂದ ಬಿಡಬೇಕಾಗತೈತಿ” ಎಂದಳು.

ಶಿಕ್ಷೆ ಎಂದು ನಾವೆಲ್ಲ ತಿಳಿದದ್ದು ಶಿಕ್ಷೆಯಾಗಿರಲಿಲ್ಲ. ಎರಡೂ ಕಡೆ ನೋಡಲು ಸಿಗುವ ಏಕೈಕ ಜಾಗ ಅದಾಗಿತ್ತು.

ಫಾದರ್ ಮರದ ಕಡೆಗೆ ನಡೆದರು. “ಫಕೀರಪ್ಪ, ನೀವರೇ ಒಳಗ ಬರಬಾರ್ದೇನ್ರಿ?”

ಫಕೀರಪ್ಪ ಗಾಬರಿಯಾಗಿ ನೆಟ್ಟಗೆ ನಿಂತರು. “ಬ್ಯಾಡ್ರಿ. ಮನಿಯಾಗ ನಮ್ಮ ಮನಿದೇವ್ರು ಎಲ್ಲಮ್ಮ ಅದಾಳ್ರಿ. ಆಕಿನ್ನ ಬಿಟ್ಟು ನಾ ಒಬ್ಬನ ಇನ್ನೊಬ್ಬರ ಮನಿಯೊಳಗ ಹೆಂಗ ಹೋಗ್ಲಿ? ಚಲೋ ಕಾಣೂದಿಲ್ರಿ.”

ಇದಕ್ಕೆ ಯಾವ ಧರ್ಮಶಾಸ್ತ್ರದಲ್ಲಿ ಉತ್ತರವಿದೆಯೋ ನನಗೆ ಗೊತ್ತಿಲ್ಲ. ಫಾದರ್ ತಲೆಯಾಡಿಸಿ ಹಿಂದೆ ಬಂದರು.

ಆಮೇಲಿನದು ಕಮಿಟಿಯ ವಿಷಯ. ಜಗಲಿ ಬೇಕೆಂದರೆ ಗೋಪುರ ಬಿಡಬೇಕು. “ಎರಡೂ ಆಗೂದಿಲ್ರಿ. ಎರಡೂ ಮಾಡಿದ್ರ ಮಾಡಿಗೆ ಹಂಚು ಹಾಕಾಕ ರೊಕ್ಕ ಉಳಿಯೂದಿಲ್ಲ” ಎಂದು ಕುಲಕರ್ಣಿ ಸ್ಪಷ್ಟವಾಗಿ ಹೇಳಿದರು. ಪಾಸ್ಕೋಲ್ ಮಾಮನ ಮುಖ ಸಣ್ಣದಾಯಿತು.

“ಅರೇ, ಒಬ್ಬ ಬಾಯಿ ಸಲುವಾಗಿ ಇಡೀ ಇಗರ್ಜಿಯ ಗೋಪುರ ಹೋಗಬೇಕೇನು?” ಎಂದು ನನ್ನ ಕಡೆ ತಿರುಗಿದರು. “ನೀ ಹೇಳ್ ಬಾಯ್. ಶಾಣೀ ಅದೀ. ಲೆಕ್ಕ ಬರ್ತದ ನಿನಗ.”

ಈ ಅಂಕಣದ ಓದುಗರಿಗೆ ಗೊತ್ತಿದೆ, ನಾನು ಬರೆಯುವಷ್ಟು ಮಾತಾಡುವವಳಲ್ಲ. ಅಷ್ಟು ಜನರ ಮುಂದೆ ಮಾತಂತೂ ದೂರ. ಆದರೂ, “ಒಬ್ಬರಲ್ಲ ಮಾಮ” ಎಂದೆ. ಅಳುವ ಮಗುವನ್ನೆತ್ತಿಕೊಂಡು ಹೊರಗೆ ಬರುವ ತಾಯಂದಿರು ಎಲ್ಲಿ ನಿಲ್ಲುತ್ತಾರೆ? ಪಾಳಿಯಿಂದ ನೇರ ಬಂದು, ಮೈಗೆ ಮಿಲ್ಲಿನ ವಾಸನೆ ಇದೆಯೆಂದು ಹಿಂಜರಿಯುವವರು? ಹಬ್ಬದ ದಿನ ಹಾಡು ಕೇಳಲೆಂದೇ ಬರುವ ನೆರೆಯ ಮುಸಲ್ಮಾನ ಹೆಂಗಸರು? ಅವರನ್ನು ಯಾರು ಎಣಿಸಿದ್ದಾರೆ? ಎಷ್ಟು ಜನ ಕೂರುತ್ತಾರೆ ಎಂದು ಕುಲಕರ್ಣಿ ಕೇಳಿದಾಗ ನಾವು ಹೇಳಿದ್ದು ಒಳಗೆ ಕೂರುವವರನ್ನು ಮಾತ್ರ.

ಇಷ್ಟನ್ನೂ ಹೇಳಿದೆನೇ? ಇಲ್ಲ. ಅರ್ಧ ಹೇಳಿದೆ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಇದು ಇಗರ್ಜಿಯೊಂದರದೇ ಕಥೆಯಲ್ಲ. ನಮ್ಮ ಊರಲ್ಲಿ ಹೊಸದಾಗಿ ಏಳುತ್ತಿರುವ ಮನೆಗಳನ್ನು ನೋಡಿ. ಬೀದಿಯಿಂದ ಬಾಗಿಲು, ಬಾಗಿಲಿನಿಂದ ನೇರ ಕೋಣೆ. ನಡುವೆ ಏನೂ ಇಲ್ಲ. ಬಂದವರು ಒಂದೋ ಒಳಗಿನವರಾಗಬೇಕು, ಇಲ್ಲವೇ ಹೊರಗಿನವರು. ಪೂರ್ತಿ ಒಳಗಿನವರಲ್ಲದ, ಪೂರ್ತಿ ಹೊರಗಿನವರೂ ಅಲ್ಲದ ಜನ ನಮಗೆಲ್ಲ ಇರುತ್ತಾರೆ. ಅವರನ್ನು ಎಲ್ಲಿ ಕೂರಿಸುತ್ತೀರಿ?

ಕುಲಕರ್ಣಿ ಸುಣ್ಣದ ಡಬ್ಬಿ ಎತ್ತಿಕೊಂಡರು. “ಎಷ್ಟು ಅಗಲ ಬೇಕ್ರಿ ಅಕ್ಕೋರ?”

“ಇಬ್ಬರು ಕಾಲು ಚಾಚಿ ಕೂರುವಷ್ಟು.”

ಇಸಬೆಲಾ ಕುಳಿತಿದ್ದ ಹುಲ್ಲಿನ ಸುತ್ತ ಅವರು ಗೆರೆ ಎಳೆದರು. ಅವಳನ್ನು ಏಳಿಸಲಿಲ್ಲ. ಗೋಪುರಕ್ಕೆಂದು ಬರೆದಿದ್ದ ಸುಣ್ಣದ ಚೌಕ ಜಗಲಿಯ ಕೆಳಗೆ ಅರ್ಧ ಮುಚ್ಚಿಹೋಯಿತು. ಪಾಸ್ಕೋಲ್ ಮಾಮ ಅದನ್ನೇ ನೋಡುತ್ತ ನಿಂತರು. “ಇರ್ಲಿ. ಬರೀ ಸುಣ್ಣ ಅದ. ಒಂದ್ ಮಳಿಗೆ ಹೋಗ್ತದ. ಬರೂ ಭಾನುವಾರ ಕಮಿಟಿ ಕುಂದ್ರತದ, ಅಲ್ಲಿ ನೋಡೂಣು” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಸರವಿತ್ತು. ಅದು ನನಗೆ ಇನ್ನೂ ಕಷ್ಟವಾಯಿತು.

ಜನ ಚದುರಿದರು. ನಾನು ಚಪ್ಪಲಿ ಹುಡುಕುತ್ತಿದ್ದಾಗ ಫಕೀರಪ್ಪ ಸೈಕಲ್ ತಳ್ಳಿಕೊಂಡು ಬಂದರು. ಗೆರೆಯ ಆಚೆ ನಿಲ್ಲಿಸಿ ಸ್ಟ್ಯಾಂಡ್ ಹಾಕಿದರು. ಆಚೀಚೆ ನೋಡಿದರು. ಚಪ್ಪಲಿ ಬಿಟ್ಟು, ಗೆರೆ ದಾಟಿ, ಹೆಂಡತಿಯ ಪಕ್ಕದಲ್ಲಿ ಕಾಲು ಚಾಚಿ ಕುಳಿತೇಬಿಟ್ಟರು.

“ಈಗ ಎಲ್ಲಮ್ಮ ಏನೂ ಅನ್ನೂದಿಲ್ಲೇನು?” ಇಸಬೆಲಾ ಕೆಣಕಿದಳು.

“ಇಲ್ಲಿ ಇನ್ನಾ ನಿಮ್ಮ ದೇವರ ಬಂದಿಲ್ಲಲ್ಲ! ಅಂವಾ ಬರೂದರೊಳಗ ಜಾಗಾ ಹಿಡೀತೇನಿ” ಎಂದು ಹೆಗಲ ಟವೆಲ್ ತೆಗೆದು, ಕೊಡವಿ, ಸುಣ್ಣದ ಗೆರೆಯ ಒಳಗೆ ಅಚ್ಚುಕಟ್ಟಾಗಿ ಹಾಸಿದರು.

ಹಳಿಯಾಳದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟಿಗೆ ಕಂಡಕ್ಟರ್ ಕೂಡ ಕೈ ಹಚ್ಚುವುದಿಲ್ಲ.

ನಮ್ಮ ಕಮಿಟಿ ಹಚ್ಚುತ್ತದೆಯೇ?