ದೊಡ್ಡಮ್ಮನ ಮೊಟ್ಟೆಯಲ್ಲಿ ಬೆಳೆದ ಜ್ವರ

ಐವತ್ತೇಳನೇ ಇಸವಿಯಲ್ಲಿ ನಾನು ಚಿನ್ನದ ಗಣಿಯ ಊರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಕಫ, ಮೂತ್ರ, ರಕ್ತ ಪರೀಕ್ಷೆ ಮಾಡುವುದು, ಗಾಜಿನ ಸಾಮಾನು ಕುದಿಸಿ ಒಣಗಿಸುವುದು ನನ್ನ ದಿನಚರಿ. ಸೂಕ್ಷ್ಮದರ್ಶಕದಲ್ಲಿ ಕಾಣದ್ದು ಇಲ್ಲವೇ ಇಲ್ಲ ಎಂದುಕೊಂಡಿದ್ದ ವಯಸ್ಸು ಅದು.

ಬೇಸಿಗೆ ಮುಗಿಯುವ ಹೊತ್ತಿಗೆ ಮದರಾಸಿನ ಕಡೆಯಿಂದ ಫ್ಲೂ ಜ್ವರ ಬಂತು. ಮೊದಲು ಬಂಗಾರಪೇಟೆ ಸ್ಟೇಷನ್ನಿನ ಕೂಲಿಗಳು ಮಲಗಿದರು. ಆಮೇಲೆ ನಮ್ಮೂರ ನಂದಿದುರ್ಗ ಗಣಿಯ ಕೂಲಿಗಳ ಲೈನು ಮನೆಗಳಿಗೆ ಹಬ್ಬಿತು. ಒಂದೇ ಗೋಡೆ ಹಂಚಿಕೊಂಡ ಮನೆಗಳು. ಒಬ್ಬರು ಕೆಮ್ಮಿದರೆ ಪಕ್ಕದ ಮನೆಯವರು ಪಾತ್ರೆಯ ಮೇಲೆ ತಟ್ಟೆ ಮುಚ್ಚುತ್ತಿದ್ದರು. ಗಣಿಯೊಳಗೆ ಬಂಡೆ ಕೊರೆಯುತ್ತಿದ್ದ ನನ್ನ ಅಪ್ಪ ಒಂದು ಮಧ್ಯಾಹ್ನ ಶಿಫ್ಟು ಮುಗಿಸಿ ಬಂದವರು ಬೂಟು ಬಿಚ್ಚುವುದಕ್ಕೂ ಆಗದೆ ಬಾಗಿಲಲ್ಲೇ ಕೂತುಬಿಟ್ಟರು. ಮೈ ಕೆಂಡದ ಹಾಗಿತ್ತು.

ಮಾರನೆಯ ದಿನವೇ ನಮ್ಮ ಲ್ಯಾಬಿಗೆ ಒಬ್ಬ ಡಾಕ್ಟರಮ್ಮ ಬಂದಿಳಿದರು. ನೀಲಗಿರಿಯ ಕಡೆಯ ದೊಡ್ಡ ಪ್ರಯೋಗಾಲಯದವರು. ಬಿಳಿ ವಾಯಿಲ್ ಸೀರೆ, ಕಾಲಲ್ಲಿ ಗಂಡಸರ ಚಪ್ಪಲಿ, ಕೈಯಲ್ಲಿ ಐಸು ತುಂಬಿದ ಡಬ್ಬ. ಮಾತೆಲ್ಲ ಅರ್ಧ ತಮಿಳು, ಅರ್ಧ ಕನ್ನಡ. ನಮ್ಮ ಊರಲ್ಲಿ ಅದೇನೂ ತೊಡಕಲ್ಲ. ಡಬ್ಬ ತೆರೆದು ರಕ್ತದ ತಿಳಿ ತುಂಬಿದ ಪುಟ್ಟ ಸೀಸೆಗಳನ್ನು ತೋರಿಸಿದರು.

“ಇದುವರೆಗೆ ಗೊತ್ತಿರೋ ಫ್ಲೂ ವೈರಸ್ಸುಗಳಿಗೆಲ್ಲ ಒಂದೊಂದು ಸೀರಂ ಇದೆ ಇದರಲ್ಲಿ. ಬಂದಿರೋದು ಹಳೇದಾದ್ರೆ ಯಾವುದಾದ್ರೂ ಒಂದು ಅದನ್ನ ಕಟ್ಟಿಹಾಕತ್ತೆ.”

“ಯಾವುದೂ ಕಟ್ಟಿಹಾಕದೇ ಇದ್ರೆ?”

“ಹೊಸಬ ಬಂದಿದಾನೆ ಅಂತ!” ಎಂದು ನಕ್ಕರು.

ವೈರಸ್ಸು ಬೆಳೆಸುವುದಕ್ಕೆ ಒಳಗೆ ಪಿಳ್ಳೆಗೆ, ಅಂದರೆ ಮರಿಗೆ, ಜೀವ ಬಂದಿರುವ ಕೋಳಿಮೊಟ್ಟೆ ಬೇಕು. ಅವರು ಪೆಟ್ಟಿಗೆ ತುಂಬ ತಂದೇ ಇದ್ದರು. ಆದರೆ ಕತ್ತಲು ಕೋಣೆಯಲ್ಲಿ ಒಂದೊಂದನ್ನೇ ಬಲ್ಬಿನ ಎದುರು ಹಿಡಿದು ನೋಡಿದರೆ ಎಲ್ಲವೂ ಸತ್ತಿದ್ದವು. ರೈಲಿನ ಬಿಸಿಗೆ ಬೆಂದುಹೋಗಿದ್ದವು. ಇನ್ನೊಂದು ಕಂತು ತರಿಸುವಷ್ಟರಲ್ಲಿ ಜ್ವರ ಊರೆಲ್ಲ ಸುತ್ತಿ ಮುಗಿದಿರುತ್ತದೆ ಎಂದು ಡಾಕ್ಟರಮ್ಮ ತಲೆ ಮೇಲೆ ಕೈಹೊತ್ತು ಕೂತರು.

“ನಮ್ಮ ದೊಡ್ಡಮ್ಮನ ಮನೇಲಿ ಕೋಳಿ ಕಾವಿಗೆ ಕೂತಿವೆ,” ಎಂದೆ. ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ಬೇತಮಂಗಲದ ಹತ್ತಿರದ ಹಳ್ಳಿಯವರು.

“ಹಾಗಾದ್ರೆ ಇಲ್ಲಿ ಯಾಕೆ ನಿಂತಿದೀಯಾ? ಓಡು!”

ಹೊರಡುವ ಮೊದಲು ಮನೆಗೆ ಹೋಗಿ ಅಪ್ಪನ ಬಾಯಿಗೆ ಶುದ್ಧ ಮಾಡಿದ ನೀರು ಕೊಟ್ಟು, ಗಂಟಲವರೆಗೆ ಮುಕ್ಕಳಿಸಿ ಸೀಸೆಗೆ ಉಗಿಯಿರಿ ಎಂದೆ. ತೋಳಿನಿಂದ ಸ್ವಲ್ಪ ರಕ್ತವನ್ನೂ ತೆಗೆದುಕೊಂಡೆ. ಅಪ್ಪ ಆ ಜ್ವರದಲ್ಲೂ ಗೊಣಗಿದರು: “ಉಗಿದಿದ್ದನ್ನ ಎತ್ತಿಟ್ಕೊಳ್ಳಾಕೆ ಓದಿಸ್ದೆನಾ ನಿನ್ನ?”

ಬೇತಮಂಗಲದ ಬಸ್ಸಿಳಿದು ಹಳ್ಳಿಗೆ ನಡೆದೆ. ದೊಡ್ಡಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದರು. ಅವರ ಎರಡು ಹೇಟೆಗಳು ಅಟ್ಟದ ಕೆಳಗೆ ಮಂಕರಿಯಲ್ಲಿ ಕಾವಿಗೆ ಕೂತಿದ್ದವು. ಕೂತು ಹತ್ತು ದಿನದ ಮೇಲಾಗಿದೆ ಎಂದು ಕೇಳಿ ನನಗೆ ಕುಣಿಯಬೇಕೆನಿಸಿತು. ಡಾಕ್ಟರಮ್ಮನಿಗೆ ಬೇಕಾಗಿದ್ದದ್ದು ಅದೇ ವಯಸ್ಸಿನದು. ಬಂದ ಕಾರಣ ಹೇಳಿದೆ.

“ಏನಮ್ಮಿ, ತಲೆ ಕೆಟ್ಟದಾ ನಿಂಗೆ? ಕಾವಿಗೆ ಕೂತಿರೋ ಕೋಳೀನ ಯಾರಾದ್ರೂ ಎಬ್ಬಿಸ್ತಾರಾ?”

“ಜ್ವರ ಯಾವುದು ಅಂತ ಕಂಡುಹಿಡೀಬೇಕು ದೊಡ್ಡಮ್ಮ. ಮೊಟ್ಟೆ ಒಳಗೆ ಅದನ್ನ ಬೆಳೆಸ್ತಾರೆ.”

“ಜ್ವರಾನ ಬೆಳೆಸ್ತಾರಾ! ಇರೋದು ಸಾಲ್ದಾ?” ಮೊರ ಕೆಳಗಿಟ್ಟರು. “ಓಗ್ಲಿ, ಪಿಳ್ಳೆ ಆದ್ಮೇಲೆ ವಾಪಸ್ ಕೊಡ್ತೀರಾ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಇಲ್ಲ ದೊಡ್ಡಮ್ಮ. ಪಿಳ್ಳೆ ಆಗಲ್ಲ. ಸತ್ತೋಗ್ತವೆ.” ಇದನ್ನೂ ಹೇಳಿದೆ: “ಅಪ್ಪನೂ ಮಲಗಿದಾರೆ.”

ದೊಡ್ಡಮ್ಮ ಎದ್ದು ಹೋಗಿ, ಕುಕ್ಕಲು ಬಂದ ಹೇಟೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಿಂದ ಬಿಸಿಬಿಸಿ ಮೊಟ್ಟೆಗಳನ್ನು ತೆಗೆದು ಕೊಟ್ಟರು. “ಅದೂ ತಾಯೇ ಕಣಮ್ಮಿ. ನೋಡ್ದಂಗೆ ಬೇಗ ತಕ್ಕೊಂಡೋಗು,” ಎಂದರು. ಎರಡನೆಯ ಹೇಟೆಯನ್ನು ಮುಟ್ಟಲು ಬಿಡಲಿಲ್ಲ.

ಹಳೇ ಸೀರೆಯಲ್ಲಿ ಸುತ್ತಿ, ಭತ್ತದ ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು, ಸೆರಗು ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಬುಟ್ಟಿಯನ್ನು ಎತ್ತಿ ಹಿಡಿಯುತ್ತಿದ್ದೆ. ಪಕ್ಕದ ಹೆಂಗಸು ಮಗುವೆಂದೇ ತಿಳಿದು, “ಎಷ್ಟು ತಿಂಗಳಮ್ಮಾ?” ಎಂದು ಕೇಳಿದಳು. “ಹತ್ತು ದಿನ,” ಎಂದೆ. ಆಕೆ ಗಾಬರಿಯಾಗಿ ಕಿಟಕಿಯ ಪರದೆ ಎಳೆದು ಗಾಳಿ ತಪ್ಪಿಸಿದಳು.

ಕತ್ತಲು ಕೋಣೆಯಲ್ಲಿ ಮೊದಲ ಮೊಟ್ಟೆಯನ್ನು ಬಲ್ಬಿಗೆ ಹಿಡಿದೆ. ಒಳಗೆ ಕೆಂಪು ನರಗಳ ಬಲೆ, ಅದರ ನಡುವೆ ಕಪ್ಪು ಚುಕ್ಕೆಯೊಂದು ಮಿಸುಕಿತು. “ಉಯಿರ್ ಇರುಕ್ಕು! ಜೀವ ಇದೆ!” ಎಂದು ಡಾಕ್ಟರಮ್ಮ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಚಿಪ್ಪಿಗೆ ಸೂಜಿಯಷ್ಟು ತೂತು ಮಾಡಿ, ಪೆನಿಸಿಲಿನ್ ಬೆರೆಸಿದ ಗಂಟಲ ನೀರನ್ನು ಒಂದೊಂದು ಹನಿ ಒಳಗೆ ಬಿಟ್ಟು, ಮೇಣದಿಂದ ಮುಚ್ಚಿದರು. ಎರಡು ಮೊಟ್ಟೆಗೆ ಅಪ್ಪನದು, ಉಳಿದವುಗಳಿಗೆ ಬೇರೆ ರೋಗಿಗಳದು. ಲ್ಯಾಬಿನ ಕಾವು ಪೆಟ್ಟಿಗೆ ಆ ಕೆಲವು ದಿನ ಕೋಳಿಯ ಕೆಲಸ ಮಾಡಿತು. ನಾನು ಹೋಗುತ್ತಾ ಬರುತ್ತಾ ಅದರ ಥರ್ಮಾಮೀಟರು ನೋಡಿ ನೋಡಿ ಡಾಕ್ಟರಮ್ಮನಿಂದ ಬೈಸಿಕೊಂಡೆ.

ಮೊಟ್ಟೆಗಳನ್ನು ತೆರೆದ ದಿನ ಒಳಗಿನ ತಿಳಿನೀರನ್ನು ಸಣ್ಣ ಕೊಳವೆಗಳಿಗೆ ಹಾಕಿ, ಹುಂಜದ ರೆಕ್ಕೆಯಿಂದ ತೆಗೆದ ರಕ್ತದ ಕಣಗಳನ್ನು ಬೆರೆಸಿದೆವು. ವೈರಸ್ಸು ಇಲ್ಲದಿದ್ದರೆ ಕಣಗಳು ತಳದಲ್ಲಿ ಕುಂಕುಮದ ಬೊಟ್ಟಿನಂತೆ ಕೂರುತ್ತವೆ. ಇದ್ದರೆ ಒಂದಕ್ಕೊಂದು ಅಂಟಿಕೊಂಡು ಚಾಪೆಯಂತೆ ಹರಡುತ್ತವೆ. ಮುಟ್ಟದೆ ಕಾಯಬೇಕು. ಕಾದೆವು. ಕೆಲವು ಕೊಳವೆಗಳಲ್ಲಿ ಬೊಟ್ಟು ಕೂತಿತು. ಅಪ್ಪನ ಕೊಳವೆಗಳಲ್ಲಿ ಚಾಪೆ ಹರಡಿತ್ತು!

“ಸಿಕ್ಕಿದ!” ಎಂದೆ. ಡಾಕ್ಟರಮ್ಮ ತುಟಿಗೆ ಬೆರಳಿಟ್ಟರು. ಇನ್ನೂ ಅಸಲು ಪರೀಕ್ಷೆ ಬಾಕಿ ಇತ್ತು. ಅಪ್ಪನ ವೈರಸ್ಸಿಗೆ ಐಸಿನ ಡಬ್ಬದ ಸೀರಂಗಳನ್ನು ಒಂದೊಂದಾಗಿ ಬೆರೆಸಿದೆವು. ಯಾವುದಾದರೂ ಅದನ್ನು ತಡೆದರೆ ಮತ್ತೆ ಬೊಟ್ಟು ಮೂಡಬೇಕು. ಮೊದಲನೆಯದು ಚಾಪೆ. ಎರಡನೆಯದೂ ಚಾಪೆ. ಸಾಲಿನ ಕೊನೆಯ ತನಕ ಒಂದು ಬೊಟ್ಟೂ ಇಲ್ಲ. ಸೀರಂ ಕೆಟ್ಟಿರಬಹುದೇ ಎಂದು ಪಕ್ಕದಲ್ಲೇ ಡಾಕ್ಟರಮ್ಮ ತಂದಿದ್ದ ಹಳೆಯ ವೈರಸ್ಸುಗಳ ಮೇಲೂ ಪರೀಕ್ಷಿಸಿದ್ದೆವು. ಅಲ್ಲಿ ಬೊಟ್ಟುಗಳು ದುಂಡಗೆ ಕೂತಿದ್ದವು.

“ಪಾರು, ಪಾರು! ನೋಡು, ಹೊಸಬನೇ ಕಣೇ!” ಡಾಕ್ಟರಮ್ಮ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ವಾರ್ಡಿನ ಕಡೆ ಓಡಿದರು. ನಾನು ಹಿಂದೆ ಓಡಿದೆ. ನಮ್ಮ ಆಸ್ಪತ್ರೆಯ ಹಿರಿಯ ಡಾಕ್ಟರು ಎಲ್ಲ ಕೇಳಿ, “ಅಂದ್ರೆ ಯಾರ ಮೈಯಲ್ಲೂ ಇದಕ್ಕೆ ತಡೆ ಇಲ್ಲ,” ಎಂದವರು ಅಂದೇ ಹೋಗಿ ಗಣಿಯ ಮೇಲಧಿಕಾರಿಗಳೊಂದಿಗೆ ಮಾತಾಡಿದರು. ಗಣಿಯೊಳಕ್ಕೆ ಇಳಿಸುವ ಕೇಜಿನಲ್ಲಿ ಒತ್ತೊತ್ತಾಗಿ ನಿಂತು ಇಳಿಯುವವರ ಸಂಖ್ಯೆ ಕಡಿಮೆಯಾಯಿತು, ಕೆಮ್ಮುವವರನ್ನು ಮನೆಗೆ ಕಳಿಸಿದರು, ಶಾಲೆಯೊಂದು ವಾರ್ಡಾಯಿತು. ಆದರೂ ನಮ್ಮ ಲೈನಿನಲ್ಲಿ ಇಬ್ಬರು ಮುದುಕರು ತೀರಿಕೊಂಡರು. ಆ ದುಃಖದ ನಡುವೆಯೂ ಲ್ಯಾಬಿಗೆ ಹೋಗುವಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಪ್ಪ ಎದ್ದು ಓಡಾಡುವಂತಾದ ಮೇಲೆ ಇನ್ನೊಮ್ಮೆ ರಕ್ತ ತೆಗೆದೆ. ಜ್ವರದ ಮೊದಲಲ್ಲಿ ತೆಗೆದ ರಕ್ತದ ಸೀರಂ ವೈರಸ್ಸನ್ನು ತಡೆಯಲಿಲ್ಲ, ಚಾಪೆಯೇ ಹರಡಿತು. ಎರಡನೆಯದನ್ನು ಬೆರೆಸಿದಾಗ ಸಾಲುದ್ದಕ್ಕೂ ಕೆಂಪು ಬೊಟ್ಟುಗಳು! ಡಬ್ಬದ ಯಾವ ಸೀರಮ್ಮೂ ಮಾಡದ್ದನ್ನು ಅಪ್ಪನ ಮೈ ತಾನಾಗಿ ಮಾಡಿತ್ತು. ಮನೆಗೆ ಬಂದು ಹೇಳಿದರೆ ಅಪ್ಪ ಮೀಸೆ ಸವರಿಕೊಂಡರು. “ನಂದೇನಾ ಬೆಳ್ದಿದ್ದು? ಪಕ್ಕದ ಮನೆಯವಂದು ಬೆಳೀಲಿಲ್ವಾ?” ಸಂಜೆಯ ಹೊತ್ತಿಗೆ ಇಡೀ ಲೈನಿಗೆ ಅದು ಗೊತ್ತಾಗಿತ್ತು.

ಮೊಟ್ಟೆಯ ನೀರನ್ನು ಥರ್ಮಾಸಿನಲ್ಲಿ ಐಸಿನ ನಡುವೆ ಹೂತು, ಬಂಗಾರಪೇಟೆಯಲ್ಲಿ ಡಾಕ್ಟರಮ್ಮನನ್ನು ರೈಲು ಹತ್ತಿಸಿದೆ. ಕೆಲವು ವಾರಗಳಲ್ಲಿ ಸುದ್ದಿ ಬಂತು: ಮದರಾಸಿನಲ್ಲಿ ಸಿಕ್ಕಿದ್ದೂ ನಮ್ಮ ಊರಲ್ಲಿ ಸಿಕ್ಕಿದ್ದೂ ಒಂದೇ. ಮಳೆಗಾಲದಲ್ಲಿ ನಮ್ಮೂರಿನದೇ ಕೋರಮಂಡಲ್ ಲೈನುಗಳ ಕಡೆ ಮತ್ತೆ ಜ್ವರ ಎದ್ದಾಗ ಡಾಕ್ಟರಮ್ಮ ಆ ಹೊಸಬನನ್ನು ಕಟ್ಟಿಹಾಕುವ ಸೀರಂ ಮಾತ್ರ ಕಳಿಸಿದರು, ತಾವು ಬರಲಿಲ್ಲ. “ನೀನೇ ಮಾಡು,” ಎಂದಿದ್ದರು. ಈ ಸಲ ಚಿಪ್ಪಿಗೆ ತೂತು ಮಾಡಿದವಳೂ ನಾನೇ. ಕೊಳವೆಗಳ ತಳದಲ್ಲಿ ಒಂದೊಂದೇ ಬೊಟ್ಟು ಮೂಡಿ, ಇವನು ಬೇಸಿಗೆಯಲ್ಲಿ ಬಂದವನೇ, ವೇಷ ಬದಲಾಯಿಸಿಲ್ಲ ಎಂದು ತಿಳಿದಾಗ, ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲದೆ, ನಾನೇ ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ.